ಕಥೆ ಸಣ್ಣದು, ಹಾಡು ದೊಡ್ಡದು

“ಹಾಡುಗಳೇನೋ ಚೆನ್ನಾಗಿವೆ, ಆದರೆ ಕಥೆಯೇ ಇಲ್ಲ.” ಸಂತರನ್ನೂ ಗಾಯಕರನ್ನೂ ಕುರಿತ ನಮ್ಮ ಚಲನಚಿತ್ರಗಳ ವಿಷಯದಲ್ಲಿ ಈ ಮಾತನ್ನು ಕೇಳದವರು ವಿರಳ. ವಿಮರ್ಶಕರು ಇದನ್ನು ಬರೆಯುತ್ತಾರೆ. ಚಿತ್ರಮಂದಿರದಿಂದ ಹೊರಬೀಳುವ ಸಂಸಾರಸ್ಥರೂ ಇದನ್ನೇ ಆಡಿಕೊಳ್ಳುತ್ತ ಮನೆಯ ದಾರಿ ಹಿಡಿಯುತ್ತಾರೆ. ಉಡುಗೆ ತೊಡುಗೆ ಸೊಗಸು, ಬೆಳಕು ಸೊಗಸು, ಗಾಯನವಂತೂ ಬಹಳ ಸೊಗಸು. ಆದರೆ ಒಂದು ಘಟನೆಯ ಹೊಟ್ಟೆಯಿಂದ ಇನ್ನೊಂದು ಘಟನೆ ಹುಟ್ಟುವುದಿಲ್ಲ. ಚಿತ್ರ ಹಾಡಿನಿಂದ ಹಾಡಿಗೆ ದಾಟುತ್ತದೆ. ನಡುವಿನ ಕಥೆ ಹಳ್ಳಕ್ಕೆ ಹಾಕಿದ ಕಾಲುಸಂಕದಂತೆ ಕಿರಿದಾಗಿರುತ್ತದೆ. ಇದು ಆಕ್ಷೇಪಣೆ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಅದು ಪೂರ್ತಿ ನಿಜವೂ ಅಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ತೂಗಿ ನೋಡುವುದಕ್ಕೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಗಿಂತ ತಕ್ಕ ಜಾಗ ಕನ್ನಡನಾಡಿನಲ್ಲಿ ಇನ್ನೊಂದು ನನಗೆ ತೋರದು.

ಈ ಸೀಮೆ ಈಗ ಹಾವೇರಿ ಜಿಲ್ಲೆಯಲ್ಲಿದೆ. ೧೯೯೭ಕ್ಕೆ ಮೊದಲು ಧಾರವಾಡ ಜಿಲ್ಲೆಯ ದಕ್ಷಿಣದ ಅಂಚಾಗಿತ್ತು. ಮಲೆನಾಡು ಪೂರ್ತಿ ಮುಗಿಯದ, ಬಯಲುನಾಡು ಪೂರ್ತಿ ಮೊದಲಾಗದ ಈ ನೆಲದಿಂದ ಕನ್ನಡ ಚಿತ್ರರಂಗ ನಾಲ್ಕು ಸಲವಾದರೂ ತನ್ನ ಕಥಾನಾಯಕರನ್ನು ಎತ್ತಿಕೊಂಡಿದೆ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಮೇಲೆ ೧೯೬೦ರಲ್ಲಿ ವೈ.ಆರ್. ಸ್ವಾಮಿಯವರು ‘ಭಕ್ತ ಕನಕದಾಸ’ವನ್ನು ತೆಗೆದರು. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಹೆಸರಿನೊಡನೆ ಬೆಸೆದುಕೊಂಡಿರುವ ತ್ರಿಪದಿಕಾರನ ಮೇಲೆ ೧೯೬೫ರಲ್ಲಿ ‘ಸರ್ವಜ್ಞಮೂರ್ತಿ’ ಬಂತು. ಎರಡರಲ್ಲಿಯೂ ರಾಜಕುಮಾರ್ ಅವರೇ ನಾಯಕರು. ಶಿಗ್ಗಾಂವಿ ತಾಲ್ಲೂಕಿನದೇ ಆದ ಶಿಶುನಾಳದಿಂದ ಟಿ.ಎಸ್. ನಾಗಾಭರಣರು ೧೯೯೦ರಲ್ಲಿ ‘ಸಂತ ಶಿಶುನಾಳ ಶರೀಫ’ನನ್ನು ತೆರೆಗೆ ತಂದರು. ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬ ಗಾನಯೋಗಿಯಾದ ವೃತ್ತಾಂತವನ್ನು ಚಿಂದೋಡಿ ಬಂಗಾರೇಶರು ೧೯೯೫ರಲ್ಲಿ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಎಂಬ ಹೆಸರಿನಿಂದ ಚಿತ್ರಿಸಿದರು. ಸವಣೂರಿನ ಮಾತು ಮುಂದೆ ಬರುತ್ತದೆ.

ನಾಲ್ಕು ಚಿತ್ರಗಳ ನಾಯಕರೂ ಹಾಡಿದವರು, ಇಲ್ಲವೆ ಹಾಡಿಕೊಳ್ಳಲು ಬರುವಂತೆ ನುಡಿದವರು. ಯುದ್ಧ ಗೆದ್ದು ರಾಜ್ಯ ಕಟ್ಟಿದವರಲ್ಲ. ಆದ್ದರಿಂದ ಇಲ್ಲಿ ಹಾಡು ಮುಂದೆ ನಿಂತು ಕಥೆ ಹಿಂದೆ ಸರಿದರೆ ಅದು ನಿರ್ದೇಶಕರ ಸೋಮಾರಿತನವೇ ಎಂದು ಕೇಳಬೇಕಾಗುತ್ತದೆ.

ಮೊದಲು ನಮ್ಮ ಜನ ಆಟ ನೋಡುವ ರೀತಿಯನ್ನು ನೆನೆಯೋಣ. ದೊಡ್ಡಾಟಕ್ಕೆ ಕುಳಿತ ರೈತನಿಗೆ ಕರ್ಣ ಸಾಯುತ್ತಾನೆಂಬುದು ಆಟಕ್ಕೆ ಮೊದಲೇ ಗೊತ್ತು. ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಹೂವು ಯಾರ ಮುಡಿ ಸೇರಿ ಯಾರು ಮುನಿಯುತ್ತಾರೆಂಬುದು ಮಕ್ಕಳಿಗೂ ಗೊತ್ತು. ಮುಂದೇನಾಯಿತು ಎಂಬ ಕುತೂಹಲಕ್ಕಾಗಿ ಯಾರೂ ರಾತ್ರಿಯೆಲ್ಲ ನಿದ್ದೆಗೆಡಲಿಲ್ಲ. ಹೇಗೆ ಹಾಡಿದರು, ಹೇಗೆ ಕುಣಿದರು ಎಂಬುದಕ್ಕಾಗಿ ಕೆಟ್ಟರು. ಇದರ ಮೇಲೆ ಸಂಗೀತ ನಾಟಕದ ಗಾಳಿ ಬೀಸಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಪುಣೆಯಲ್ಲಿ ಮರಾಠಿ ‘ಶಾಕುಂತಲ’ವನ್ನು ಹಾಡಿಸಿದ ಮೇಲೆ ಆ ಮಾದರಿ ನಮ್ಮ ಹುಬ್ಬಳ್ಳಿ, ಧಾರವಾಡ, ಗದಗುಗಳನ್ನು ಆವರಿಸಿತು. ಗದಗಿನ ಗರುಡ ಸದಾಶಿವರಾಯರ ಕಂಪನಿ ಕನ್ನಡಕ್ಕೆ ತನ್ನದೇ ರಂಗಸಂಪತ್ತನ್ನು ಕಟ್ಟಿಕೊಟ್ಟಿತು. ಶಿಗ್ಗಾಂವಿಯ ನೆರೆಯ ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗದ ಮೇಲೆ ಸ್ತ್ರೀಪಾತ್ರ ವಹಿಸಿ ಹಾಡಿದರು. ಆ ಕಾಲದ ಪ್ರೇಕ್ಷಕ ಹಾಡು ಮುಗಿದೊಡನೆ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದ. ಶಕುಂತಲೆ ಅತ್ತ ದುಃಖವನ್ನು ಬದಿಗಿಟ್ಟು ಅದೇ ಪದವನ್ನು ಮತ್ತೊಮ್ಮೆ ಹಾಡುತ್ತಿದ್ದಳು. ಕಥೆ ಅಲ್ಲಿ ನಿಂತೇ ಬಿಡುತ್ತಿತ್ತು. ಯಾರಿಗೂ ಅದು ನಷ್ಟವೆನಿಸುತ್ತಿರಲಿಲ್ಲ. ೧೯೩೪ರಲ್ಲಿ ‘ಸತೀ ಸುಲೋಚನಾ’ದೊಡನೆ ಮಾತು ಕಲಿತ ಕನ್ನಡ ಚಿತ್ರ ಹುಟ್ಟಿದ್ದು ಈ ಮನೆಯಲ್ಲಿ. ತವರಿನ ನಡೆ ಅದಕ್ಕೆ ಬಂದಿದ್ದರೆ ಆಶ್ಚರ್ಯವೇನು?

ಎರಡನೆಯ ಕಾರಣ ಇದಕ್ಕಿಂತ ಆಳವಾದದ್ದು. ಅದು ಚರಿತ್ರೆಯ ಆಧಾರಗಳಿಗೆ ಸಂಬಂಧಿಸಿದ್ದು. ರಾಜರು ಶಾಸನ ಬಿಟ್ಟುಹೋದರು, ಸರಕಾರಗಳು ದಫ್ತರ ಬಿಟ್ಟುಹೋದವು. ಸಂತರು ಬಿಟ್ಟುಹೋದದ್ದು ಹಾಡನ್ನು. ಶಿಗ್ಗಾಂವಿಯ ಹಳ್ಳಿಗಳಲ್ಲಿ ಶರೀಫರ ಜೀವನವನ್ನು ಹಿರಿಯರು ಹೇಳುವ ಕ್ರಮವನ್ನು ನಾನು ಗಮನಿಸಿದ್ದೇನೆ. ಹುಟ್ಟಿದ ವರ್ಷದಿಂದ ಮೊದಲು ಮಾಡಿ ಸತ್ತ ವರ್ಷದವರೆಗೆ ಅವರು ಹೇಳುವುದಿಲ್ಲ. ಮೊದಲು ಒಂದು ಪದ ಹಾಡುತ್ತಾರೆ, ಆಮೇಲೆ “ಇದನ್ನ ಅವರು ಹಾಡಿದ್ದು ಎಲ್ಲಿ ಗೊತ್ತೇನು?” ಎಂದು ಕೇಳಿ ಆ ಪದ ಹುಟ್ಟಿದ ಸಂದರ್ಭವನ್ನು ಹೇಳುತ್ತಾರೆ. ಅದು ಮುಗಿದರೆ ಇನ್ನೊಂದು ಪದ, ಇನ್ನೊಂದು ಸಂದರ್ಭ. ಹೀಗೆ ಹಾಡುಗಳೇ ಮಣಿ, ಸಂದರ್ಭಗಳೇ ದಾರ. ಕನಕದಾಸರ ವಿಷಯದಲ್ಲಿಯೂ ಇದೇ ಕ್ರಮ: ಉಡುಪಿಯ ಬಾಗಿಲಲ್ಲಿ ಹಾಡಿದರು, ಗೋಡೆ ಬಿರಿಯಿತು. ಸರ್ವಜ್ಞನ ವಿಷಯದಲ್ಲಿಯೂ ಅಷ್ಟೆ: ಅಲ್ಲಿ ಒಂದು ಕಂಡ, ಮೂರು ಸಾಲು ನುಡಿದ, ಮುಂದೆ ನಡೆದ. ಹಾಡಿನಿಂದ ಹಾಡಿಗೆ ದಾಟುವ ಚಿತ್ರ ಈ ದೃಷ್ಟಿಯಿಂದ ತಪ್ಪು ಮಾಡಿಲ್ಲ. ಈ ನೆಲ ತನ್ನ ದೊಡ್ಡವರನ್ನು ನೆನಪಿಟ್ಟುಕೊಂಡ ರೀತಿಯೇ ಅದು. ಪಾಶ್ಚಾತ್ಯ ಕಾದಂಬರಿಯ ಅಳತೆಗೋಲಿನಿಂದ ಅದನ್ನು ಅಳೆದು ಕುಂದೆನ್ನುವುದು ನ್ಯಾಯವಲ್ಲ.

ಇಷ್ಟು ಹೇಳಿದ ಮೇಲೆ ‘ಸಂತ ಶಿಶುನಾಳ ಶರೀಫ’ದ ಕಡೆಗೆ ತಿರುಗಬಹುದು. ಇದರಲ್ಲಿ ಶರೀಫರ ಪಾತ್ರಕ್ಕೆ ನಿಂತವರು ಭರತನಾಟ್ಯ ಬಲ್ಲ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರು, ಸಂಗೀತ ಸಿ. ಅಶ್ವತ್ಥರದು. ಶರೀಫರ ಪದಗಳನ್ನು ಅಶ್ವತ್ಥರು ಚಿತ್ರಕ್ಕೆ ಮೊದಲೇ ವೇದಿಕೆಯ ಮೇಲೂ ಧ್ವನಿಸುರುಳಿಗಳಲ್ಲೂ ಹಾಡಿ ನಗರದ ಮನೆಮನೆಗೆ ಮುಟ್ಟಿಸಿದ್ದರು. ಆದುದರಿಂದ ಪ್ರೇಕ್ಷಕ ಚಿತ್ರಮಂದಿರಕ್ಕೆ ಬಂದದ್ದು ದೊಡ್ಡಾಟಕ್ಕೆ ಬರುವವನಂತೆ, ತಾನು ಬಲ್ಲದ್ದನ್ನು ಕಾಣುವುದಕ್ಕೆ. ನರ್ತಕನ ಮೈ, ಗಾಯಕನ ಎದೆತುಂಬಿದ ಕಂಠ, ನಾಟಕಕಾರನ ಗಾಂಭೀರ್ಯ ಮೂರೂ ಕೂಡಿ ಚಿತ್ರಕ್ಕೆ ಒಂದು ಶೈಲಿಯನ್ನು ತಂದವು. ಭಾವೈಕ್ಯವನ್ನು ಕುರಿತ ಅತ್ಯುತ್ತಮ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ಅದು ಅರ್ಹವಾದ ಗೌರವವೇ. ಆದರೆ ಭಾವೈಕ್ಯ ಎಂಬ ಸರಕಾರಿ ಪದ ಹಿತವಾದಷ್ಟು ಸುಲಭವೂ ಆದದ್ದು. ಆ ಸುಲಭತೆಯನ್ನು ಕುರಿತು ಚರಿತ್ರೆಯ ಓದುಗನು ತುಸು ಎಚ್ಚರವಾಗಿರಬೇಕು.

ಶರೀಫರು ಹುಟ್ಟಿದ್ದು ೧೮೧೯ರ ಮಾರ್ಚ್ ೭ರಂದು. ದೇಹ ಬಿಟ್ಟದ್ದು ಎಪ್ಪತ್ತು ವರ್ಷಗಳ ಮೇಲೆ ಅದೇ ದಿನ, ೧೮೮೯ರಲ್ಲಿ. ಅವರು ಹುಟ್ಟುವ ಹಿಂದಿನ ವರ್ಷವಷ್ಟೇ ಪೇಶ್ವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷ್ ಕಂಪನಿಯ ಕೈಸೇರಿತ್ತು. ಅವರಿಗೆ ಮೂವತ್ತೊಂಬತ್ತಾದಾಗ, ೧೮೫೮ರಲ್ಲಿ, ನರಗುಂದದ ಭಾಸ್ಕರರಾಯರು ಬಂಡೆದ್ದು ಗಲ್ಲಿಗೇರಿದರು. ೧೮೭೬ರಿಂದ ೭೮ರ ವರೆಗಿನ ಘೋರ ಕ್ಷಾಮ ಈ ನಾಡನ್ನು ತಿಂದುಹಾಕಿದಾಗ ಅವರು ಅರುವತ್ತರ ಸಮೀಪದಲ್ಲಿದ್ದರು. ಶಿಗ್ಗಾಂವಿಯ ಸುತ್ತ ಇಂಗ್ಲಿಷರ ಕಂದಾಯ. ಪಕ್ಕದ ಸವಣೂರಿನಲ್ಲಿ ಮಾತ್ರ ೧೯೪೮ರ ವರೆಗೂ ಉಳಿದುಬಂದ ಪುಟ್ಟ ನವಾಬಶಾಹಿ. ಆ ನವಾಬರು ಮರಾಠರಿಗೂ ಮೈಸೂರಿನವರಿಗೂ ನಡುವೆ ಸಿಕ್ಕಿ ನುಗ್ಗಾದವರು. ಅದೇ ಸವಣೂರಿನಲ್ಲಿ ಉತ್ತರಾದಿಮಠದ ಸತ್ಯಬೋಧತೀರ್ಥರ ವೃಂದಾವನವಿದೆ. ನವಾಬರ ಪೇಟೆಯಲ್ಲಿ ಮಾಧ್ವ ಯತಿಯ ಸಮಾಧಿಗೆ ದೀಪ ಉರಿಯುವುದನ್ನು ಆ ಊರಿನವರು ವಿಶೇಷವೆಂದು ಎಣಿಸಲಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಹುಲಗೂರಿನ ಖಾದರಶಾವಲಿಯ ದರ್ಗಾಕ್ಕೂ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಶರೀಫರ ತಂದೆ ಅಲ್ಲಿಯ ಭಕ್ತರೆಂದೂ ಆ ಹರಕೆಯಿಂದಲೇ ಮಗ ಹುಟ್ಟಿದನೆಂದೂ ಐತಿಹ್ಯ.

ಹೀಗಿರಲು, ಕಳಸದ ಬ್ರಾಹ್ಮಣ ಗೋವಿಂದಭಟ್ಟರು ಶಿಶುನಾಳದ ಮುಸಲ್ಮಾನ ತರುಣನನ್ನು ಶಿಷ್ಯನೆಂದು ಅಪ್ಪಿಕೊಂಡದ್ದು ಆಕಾಶದಿಂದ ಉದುರಿದ ಪವಾಡವಲ್ಲ. ನೆರೆಹೊರೆಯ ಬಾಳಿಕೆ ತಲೆಮಾರುಗಳಿಂದ ಹದಮಾಡಿದ ಮಣ್ಣಿನಲ್ಲಿ ಅದು ಬೆಳೆದ ಬೆಳೆ. ಹಾಗೆಂದು ಅದು ಅಗ್ಗದ್ದೂ ಆಗಿರಲಿಲ್ಲ. ಗುರು ಶಿಷ್ಯನಿಗೆ ಜನಿವಾರ ತೊಡಿಸಿದ ಐತಿಹ್ಯವನ್ನು ನಾವು ಇಂದು ಕಣ್ಣರಳಿಸಿ ಕೇಳುತ್ತೇವೆ. ಆ ಐತಿಹ್ಯದಲ್ಲಿಯೇ ಎರಡೂ ಕಡೆಯವರ ಕೋಪ, ಬಹಿಷ್ಕಾರದ ಬೆದರಿಕೆಗಳು ಅಡಗಿವೆ. ಮೈತ್ರಿಯ ಬೆಲೆಯನ್ನು ಮರೆಸಿ ಮೈತ್ರಿಯನ್ನು ಮಾತ್ರ ಹಾಡಿದರೆ ಹಾಡು ಇಂಪಾಗಬಹುದು; ಹಾಡಿದವನು ಚಿಕ್ಕವನಾಗುತ್ತಾನೆ.

ಶೈಲಿಯ ಚಿತ್ರಗಳಿಗೆ ಇರುವ ನಿಜವಾದ ಅಪಾಯ ಇಲ್ಲಿದೆ. ಕಥೆ ಸಣ್ಣದಾಗುವುದಲ್ಲ ಅಪಾಯ. ಹಾಡಿನ ಕಾಲಕೆಳಗಿನ ನೆಲ ಕಳೆದುಹೋಗುವುದು ಅಪಾಯ. ಒಂದು ಉದಾಹರಣೆ ಕೊಡುತ್ತೇನೆ. ಮಾಳಿಗೆ ಸೋರುವುದನ್ನು ಕುರಿತ ಶರೀಫರ ಪದವನ್ನು ಬೆಂಗಳೂರಿನಲ್ಲಿ ಕೇಳದವರಿಲ್ಲ. ಆದರೆ ಮೈಸೂರು ಕಡೆಯವರಿಗೆ ಮಾಳಿಗೆಯೆಂದರೆ ಮಹಡಿ, ಮೇಲಂತಸ್ತು. ಧಾರವಾಡ ಸೀಮೆಯಲ್ಲಿ ಮಾಳಿಗೆಯೆಂದರೆ ತೊಲೆ ಜಂತಿಗಳ ಮೇಲೆ ಕಟ್ಟಿಗೆ ಸೊಪ್ಪು ಹಾಸಿ, ಅದರ ಮೇಲೆ ಮಣ್ಣು ಮೆತ್ತಿದ ಚಪ್ಪಟೆ ಚಾವಣಿ. ಮಳೆಗಾಲಕ್ಕೆ ಮೊದಲು ಮನೆಯವರು ಮೇಲೆ ಹತ್ತಿ ಹೊಸ ಮಣ್ಣು ಹಾಕಿ ತುಳಿಯಬೇಕು, ಬಿರುಕು ಮುಚ್ಚಬೇಕು, ನೀರು ಹರಿದುಹೋಗಲು ದಾರಿ ಮಾಡಬೇಕು. ಒಂದು ವರ್ಷ ಅಲಕ್ಷ್ಯ ಮಾಡಿದರೆ ಮನೆ ಸೋರುತ್ತದೆ. ಎರಡು ವರ್ಷ ಮಾಡಿದರೆ ಕುಸಿಯುತ್ತದೆ. ದೇಹವೆಂಬ ಮನೆಗೂ ಮೇಲಿನ ಕಾವಲಿಗೂ ಕವಿ ಕಲ್ಪಿಸಿದ ಸಾಮ್ಯದ ಬಿಗಿಯೆಲ್ಲ ಈ ವಾರ್ಷಿಕ ದುಡಿಮೆಯಲ್ಲಿದೆ. ಇದನ್ನು ಬಲ್ಲವನಿಗೆ ಆ ಪದ ಬೆನ್ನಮೇಲೆ ಚಾಟಿ. ಬಲ್ಲದವನಿಗೆ ಮಳೆಗಾಲದ ಒಂದು ಸುಂದರ ಗೀತೆ. ಕೋಡಗ, ಕೋಳಿಗಳ ಒಗಟಿನ ಪದಕ್ಕೂ ಇದೇ ಗತಿ. ಗುರುಕೃಪೆಯಲ್ಲಿ ಶಿಷ್ಯನ ಅಹಂಕಾರ ಕರಗಿಹೋದ ಬೆಡಗು ಅದು. ಮಕ್ಕಳು ಅದನ್ನು ನಗೆಹಾಡೆಂದು ಕಲಿತು ಕುಣಿಯುತ್ತಾರೆ. ಮಕ್ಕಳು ಕುಣಿಯಲಿ, ಅದರಿಂದ ನಷ್ಟವಿಲ್ಲ. ದೊಡ್ಡವರಾದ ಮೇಲೂ ಅಷ್ಟೇ ತಿಳಿದಿದ್ದರೆ ನಷ್ಟ. ಧ್ವನಿಸುರುಳಿಗೆ ಮಣ್ಣಿನ ಮಾಳಿಗೆಯನ್ನು ತೋರಿಸುವ ಶಕ್ತಿಯಿಲ್ಲ. ಚಿತ್ರಕ್ಕೆ ಇದೆ. ಕಥೆ ಬೇಡವೆಂದರೂ ಸರಿ, ಈ ತೋರಿಸುವ ಕೆಲಸವನ್ನು ಅದು ಬಿಡಕೂಡದು.

ಕನಕದಾಸರ ವಿಷಯದಲ್ಲಿ ಇನ್ನೊಂದು ಬಗೆಯ ನಷ್ಟವಾಯಿತು. ‘ಭಕ್ತ ಕನಕದಾಸ’ದಲ್ಲಿ ಎಂ. ವೆಂಕಟರಾಜು ಅವರ ಸಂಗೀತಕ್ಕೆ ಪಿ.ಬಿ. ಶ್ರೀನಿವಾಸರು ಹಾಡಿದರು, ರಾಜಕುಮಾರ್ ಅವರ ಮುಖಕ್ಕೂ ಆ ಕಂಠಕ್ಕೂ ಬಿದ್ದ ಗಂಟಿನಲ್ಲಿ ಈ ಚಿತ್ರದ ಪಾಲು ದೊಡ್ಡದು. ಉಡುಪಿಯ ಬಾಗಿಲ ಮುಂದಿನ ಆ ಗಾಯನವನ್ನು ಒಮ್ಮೆ ಕೇಳಿದವರು ಮರೆಯಲಾರರು. ಆದರೆ ಕನಕರು ಹಾಡಿದ್ದು ಬಾಗಿಲ ಮುಂದೆ ಮಾತ್ರವೇ? ‘ರಾಮಧಾನ್ಯ ಚರಿತ್ರೆ’ಯಲ್ಲಿ ಅವರು ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಶ್ರೀರಾಮನ ಸಭೆಯಲ್ಲಿ ತೀರ್ಪು ಬೇಡಿಸಿ, ಬಡವರ ಧಾನ್ಯವನ್ನು ಗೆಲ್ಲಿಸಿದರು. ಅದು ಬಾಗಿಲು ತೆರೆಯೆಂದು ಬೇಡುವ ಧ್ವನಿಯಲ್ಲ, ನ್ಯಾಯ ಕೇಳುವ ಧ್ವನಿ. ಬಾಡದ, ಬಂಕಾಪುರದ ಪಾಳೆಯಗಾರಿಕೆಯನ್ನು ಕಂಡವನ, ಕುರುಬರ ಮನೆಯಲ್ಲಿ ಬೆಳೆದವನ ಧ್ವನಿ. ಒಂದು ರಾಗದ ಹಿಡಿತಕ್ಕೆ ಸಿಕ್ಕುವ ಕನಕರು ತೆರೆಗೆ ಬಂದರು. ಷಟ್ಪದಿಯಲ್ಲಿ ವಾದ ಹೂಡಿದ ಕನಕರು ಗ್ರಂಥಭಂಡಾರದಲ್ಲಿ ಉಳಿದರು. ಸಾಮಾನ್ಯ ಓದುಗನ ನೆನಪಿನಲ್ಲಿ ಇಂದು ಕಿಂಡಿ ನಿಂತಿದೆ, ರಾಗಿ ನಿಂತಿಲ್ಲ. ಶೈಲಿ ತನಗೆ ಒಪ್ಪುವ ಚರಿತ್ರೆಯನ್ನು ಹೇಗೆ ಆರಿಸಿಕೊಳ್ಳುತ್ತದೆಂಬುದಕ್ಕೆ ಇದು ನಿದರ್ಶನ.

ಸರ್ವಜ್ಞನಲ್ಲಿ ಕಷ್ಟ ಬೇರೆ. ಅವನ ವಚನಗಳನ್ನು ಉತ್ತಂಗಿ ಚನ್ನಪ್ಪನವರು ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಕೂಡಿಸಿ ೧೯೨೪ರಲ್ಲಿ ಅಚ್ಚುಹಾಕಿಸಿದರು. ಪಾದ್ರಿಯೊಬ್ಬರು ಮನೆಮನೆ ತಿರುಗಿ ಒಬ್ಬ ಭಿಕ್ಷುಕ ಕವಿಯನ್ನು ನಾಡಿಗೆ ಮರಳಿಸಿದ ಆ ಕಥೆಯೇ ಒಂದು ಚಿತ್ರಕ್ಕೆ ಸಾಲುವಂಥದ್ದು. ಆದರೆ ಅಬಲೂರು, ಮಾಸೂರು, ತಂದೆ ತಾಯಿ ಎಂಬ ಜನ್ಮವೃತ್ತಾಂತ ನಮಗೆ ದೊರೆಯುವುದು ಅವನ ಅಂಕಿತದ ತ್ರಿಪದಿಗಳಿಂದಲೇ; ಅವುಗಳಲ್ಲಿ ಯಾವುದು ಅವನದು, ಯಾವುದು ಆಮೇಲೆ ಸೇರಿದ್ದು ಎಂಬ ಚರ್ಚೆ ಇದ್ದೇ ಇದೆ. ಮೂರು ಸಾಲುಗಳಲ್ಲಿ ಲೋಕವನ್ನು ಹೇಳಿ ಮುಗಿಸಿದವನನ್ನು ಮೂರು ಗಂಟೆ ಕಾಲ ನಿಲ್ಲಿಸಬೇಕಾದರೆ ಕಲ್ಪನೆಯ ಊರುಗೋಲು ಬೇಕೇ ಬೇಕು. ಇಂಥಲ್ಲಿ ಕಥೆ ಕಡಿಮೆಯಾಯಿತೆಂದು ದೂರುವುದಕ್ಕಿಂತ, ಹೊಸೆದ ಕಥೆ ಹೆಚ್ಚಾಯಿತೆಂದು ಹೆದರುವುದೇ ಲೇಸು.

ನಾಲ್ಕರಲ್ಲಿ ಹಾಡಿಗೂ ಕಥೆಗೂ ತಕ್ಕ ಕೂಡಿಕೆ ಗವಾಯಿಗಳ ಬಾಳಿನಲ್ಲಿಯೇ ಇತ್ತು. ೧೮೯೨ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯ, ಅವನ ಅಣ್ಣ ಗುರುಬಸಯ್ಯ ಇಬ್ಬರೂ ಕುರುಡರು. ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲಿನ ಕುಮಾರಸ್ವಾಮಿಗಳು ಆ ಮಕ್ಕಳ ಕಂಠವನ್ನು ಕೇಳಿ ಅವರನ್ನು ಆಶ್ರಯಕ್ಕೆ ತೆಗೆದುಕೊಂಡರು. ಕಿರಿಯವನು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ, ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಕಲಿತು ಪಂಚಾಕ್ಷರಿ ಗವಾಯಿಯಾದನು. ಊರೂರು ಅಲೆದು, ಭಿಕ್ಷೆ ಕೂಡಿಸಿ, ಅಂಧರಿಗೂ ಅನಾಥರಿಗೂ ಅನ್ನದೊಡನೆ ಸ್ವರ ಕೊಟ್ಟರು. ೧೯೩೬ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಶಿಷ್ಯ ಬಸವರಾಜ ರಾಜಗುರು ಹಾಡಿದರು. ತಬಲಾಕ್ಕೆ ಕುಳಿತವರು ಸ್ವತಃ ಗುರುಗಳು. ೧೯೪೪ರಲ್ಲಿ ಅವರು ತೀರಿಕೊಂಡ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಹಾನಗಲ್ಲು ತಾಲ್ಲೂಕಿನವರೇ ಆದ ಪುಟ್ಟರಾಜ ಗವಾಯಿಗಳು ೨೦೧೦ರ ವರೆಗೆ ನಡೆಸಿದರು. ಆಶ್ರಮದ ನಾಟಕ ಸಂಘ ಊರೂರು ಆಡಿ ಗಳಿಸಿದ ಹಣ ಮಕ್ಕಳ ಊಟಕ್ಕೆ ಸಂದಿತು.

ಇಂಥ ಬಾಳಿನಲ್ಲಿ ಹಾಡು ಅಲಂಕಾರವಲ್ಲ, ಅದೇ ಘಟನೆ. ಒಂದು ರಾಗ ಕಲಿತರೆ ಹಸಿದ ಹುಡುಗನೊಬ್ಬನಿಗೆ ಬದುಕುವ ದಾರಿಯಾಯಿತೆಂದು ಅರ್ಥ. ಈ ಚಿತ್ರಕ್ಕೆ ಸಂಗೀತ ನೀಡಿದ ಹಂಸಲೇಖರಿಗೂ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಬಾಲಸುಬ್ರಹ್ಮಣ್ಯಂ ಅವರಿಗೆ ಪ್ರಶಸ್ತಿ ತಂದ ಹಾಡಿನ ಮಾತು ಹಿಂದಿಯದು. ಕನ್ನಡ ಚಿತ್ರದಲ್ಲಿ ಇದೇನೆಂದು ಹುಬ್ಬೇರಿಸಬೇಕಾದ್ದಿಲ್ಲ. ಊರ ಹೆಸರನ್ನೇ ಹೊತ್ತು ದೇಶವೆಲ್ಲ ಹಾಡಿದ ಗಂಗೂಬಾಯಿ ಹಾನಗಲ್ಲರಿಂದ ಹಿಡಿದು, ನಮ್ಮ ಕಡೆಯ ಗಾಯಕರು ಮನೆಯಲ್ಲಿ ಕನ್ನಡ ಆಡಿ ಕಚೇರಿಯಲ್ಲಿ ಉತ್ತರದ ಚೀಜುಗಳನ್ನು ಹಾಡಿದವರೇ. ಇಲ್ಲಿ ಶೈಲಿ ಚರಿತ್ರೆಗೆ ನಿಷ್ಠವಾಗಿಯೇ ಉಳಿಯಿತು.

ಇನ್ನೊಂದು ಮಾತು. ಹಳೆಯ ಕಾಲವನ್ನು ತೋರಿಸಲು ನಮ್ಮವರು ಹಲಗೆ ಸುಣ್ಣಗಳಿಂದ ಊರು ಕಟ್ಟುತ್ತಾರೆ. ಈ ಸೀಮೆಯಲ್ಲಾದರೋ ಕಾಲ ತಾನೇ ನಿಂತುಕೊಂಡಿದೆ: ಹಾನಗಲ್ಲಿನ ತಾರಕೇಶ್ವರನ ಗುಡಿಯಲ್ಲಿ ನೆತ್ತಿಯ ಮೇಲೆ ಅರಳಿದ ಕಲ್ಲಿನ ಕಮಲ, ಬಂಕಾಪುರದ ಕೋಟೆಯೊಳಗೆ ಕಂಬಗಳ ಕಾಡಿನಂತಿರುವ ನಗರೇಶ್ವರ, ಸವಣೂರಿನ ಕಲ್ಮಠದಲ್ಲಿ ಹತ್ತಾರು ಜನರ ತೋಳಿಗೂ ಸಿಕ್ಕದ ದೊಡ್ಡಹುಣಸೆಯ ಮರಗಳು. ಆಫ್ರಿಕದ ನೆಲದ ಆ ಮರ ನವಾಬರ ಊರಿನಲ್ಲಿ ಮಠದ ಅಂಗಳದಲ್ಲಿ ನಿಂತಿದೆ. ಹಲವು ನೆಲದವರು ಕೂಡಿ ಬಾಳಿದ ಸೀಮೆ ಇದೆಂದು ಹೇಳುವುದಕ್ಕೆ ಅದರ ಮುಂದೆ ಸಂಭಾಷಣೆ ಏತಕ್ಕೆ?

ಚಿತ್ರ ನೋಡಿ ಮರೆಯುವ ವಸ್ತುವಾಗಿದ್ದರೆ ಇಷ್ಟು ದೂರ ವಿಚಾರಿಸುವ ಅಗತ್ಯವಿರಲಿಲ್ಲ. ಆದರೆ ಅದು ನೆನಪನ್ನು ತಿದ್ದುತ್ತದೆ. ಏಕತಾರಿ, ದಮ್ಮಡಿಗಳೊಡನೆ ಊರಿಗೊಂದು ಮಟ್ಟಿನಲ್ಲಿ ಹಾಡುತ್ತಿದ್ದ ಪದಗಳನ್ನು ಈಗ ಶಿಗ್ಗಾಂವಿ ಕಡೆಯ ಹುಡುಗರ ಬಾಯಲ್ಲಿಯೂ ಅಶ್ವತ್ಥರ ಮಟ್ಟಿನಲ್ಲಿಯೇ ನಾನು ಕೇಳಿದ್ದೇನೆ. ಆ ಮಟ್ಟು ಬಲವಾದದ್ದು, ಅದು ಶರೀಫರನ್ನು ಉಳಿಸಿತು. ಅದರ ಉಪಕಾರವನ್ನು ನೆನೆಯದವನು ಕೃತಘ್ನ. ಆದರೂ ಭಜನೆಯ ಹಿರಿಯರ ಹಳೆಯ ಮಟ್ಟುಗಳನ್ನು ಅವರು ಇರುವಾಗಲೇ ಧ್ವನಿಮುದ್ರಿಸಿಕೊಳ್ಳುವ ಹೊಣೆ ನಮ್ಮ ವಿಶ್ವವಿದ್ಯಾಲಯಗಳ ಮೇಲೂ ಅಕಾಡೆಮಿಗಳ ಮೇಲೂ ಇದೆ. ಒಂದು ಹಾಡಿಗೆ ಒಂದೇ ಮಟ್ಟು ಉಳಿದ ದಿನ ಅದರ ಚರಿತ್ರೆಯ ಅರ್ಧ ಹೋಯಿತೆಂದೇ ತಿಳಿಯಬೇಕು.

ಮುಂದೆಯೂ ಈ ಸೀಮೆಯ ಸಂತರ ಮೇಲೆ ಚಿತ್ರಗಳು ಬರುತ್ತವೆ, ಬರಲಿ. ಅವುಗಳಲ್ಲಿ ಕಥೆ ಸಣ್ಣದಾಗಿದ್ದರೆ ನಾನು ದೂರುವುದಿಲ್ಲ. ಹಾಡು ದೊಡ್ಡದಾಗಿದ್ದರೆ ಸಂತೋಷಪಡುತ್ತೇನೆ. ಚಿತ್ರ ತೆಗೆಯುವವರಲ್ಲಿ ಒಂದೇ ಬೇಡಿಕೆ: ಒಂದು ಮಳೆಗಾಲವನ್ನು ಶಿಗ್ಗಾಂವಿ ಕಡೆಯ ಹಳೆಯ ಮಣ್ಣಿನ ಮಾಳಿಗೆಯ ಕೆಳಗೆ ಕಳೆದು ಬರಲಿ. ರಾತ್ರಿ ನೆತ್ತಿಯ ಮೇಲೆ ಒಂದು ಹನಿ ಬಿದ್ದರೆ ಸಾಕು, ಶರೀಫರು ಏನು ಹಾಡಿದರೆಂಬುದು ತಿಳಿಯುತ್ತದೆ.